ನೀಲವ್ವನ ಡಿವಿಡಿ

ಕುಷ್ಟಗಿಯ ನನ್ನ ಅಂಗಡಿಯಲ್ಲಿ ಹಳೆ ಡಿವಿಡಿಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತೇನೆ. ಒಮ್ಮೆ ತಾವರಗೇರಾದ ನೀಲವ್ವ ಅಣ್ಣನ ಜೊತೆ ಬಂದರು. ಡಿವಿಡಿಯಲ್ಲಿ ಆಕೆ ದೊಡ್ಡಾಟದ ರಂಗದ ಮೇಲೆ ರಾಜನಾಗಿ, ಮೀಸೆ ಅಂಟಿಸಿಕೊಂಡು ಕುಣಿದಿದ್ದರು.

“ಫೋನಿಗೆ ಸಾಕಾಗುವಂಗ ಸಣ್ಣ ಫೈಲ್ ಮಾಡ್ರಿ. ಹೆಣ್ಮಗಳು ಕುಣಿದದ್ದು ಊರಿಗೆಲ್ಲಾ ಯಾಕ ತೋರಿಸೋದು?” ಅಂದ ಅಣ್ಣ.

“ಸಣ್ಣದು ಬ್ಯಾಡ್ರಿ,” ಎಂದು ನೀಲವ್ವ ತಡೆದರು. “ಫೋನಿನ್ಯಾಗ ನನ್ನ ಮೀಸಿನೂ ಕಾಣಂಗಿಲ್ಲ. ದೊಡ್ಡ ಟಿವ್ಯಾಗ ಛಲೋ ಕಾಣಂಗ ಮಾಡ್ರಿ. ಕುಣೀಬ್ಯಾಡ ಅಂದೋರೆಲ್ಲಾ ಮುಂದ ಕುಂತು ನೋಡ್ಲಿ.”

ಚಿತ್ರ ಮಸುಕಾಗದಂತೆ ದೊಡ್ಡ ಎಂಪಿ4 ಫೈಲ್ ಮಾಡಿ, ಅಂಗಡಿಯ ಟಿವಿಗೇ ಹಚ್ಚಿದೆ. ಅಣ್ಣ “ಆವಾಜ್ ಕಮ್ಮಿ ಮಾಡ್ರಿ” ಅಂದ. ನೀಲವ್ವ ರಿಮೋಟ್ ಕಸಿದುಕೊಂಡು ಇನ್ನೂ ಜೋರು ಮಾಡಿದರು. ರಸ್ತೆಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು.

ಈಗ ನಾನು ಗಿರಾಕಿಗಳಿಗೆ ಯಾವ ಫಾರ್ಮ್ಯಾಟ್ ಬೇಕೆಂದು ಕೇಳುವುದಿಲ್ಲ. ಯಾರಿಗೆ ತೋರಿಸಬೇಕ್ರಿ, ಅಂತ ಕೇಳುತ್ತೇನೆ.