ಮೇಲುಕೊಂಬೆಯ ಸೀತಾಫಲ

ನಮ್ಮತ್ತೆ ತಲೆ ಬಗ್ಗಿಸದೆ ದಾಟುವಂಥ ಬಾಗಿಲು ಆ ಊರಲ್ಲಿ ಒಂದೂ ಇರಲಿಲ್ಲ. ಅಷ್ಟು ಎತ್ತರ. ಸೀರೆಯನ್ನು ಎಷ್ಟು ಇಳಿಸಿ ಉಟ್ಟರೂ ಕಣಕಾಲು ಕಾಣುತ್ತಿತ್ತು. ಅಟ್ಟದ ಮೇಲಿನ ಮಡಕೆಯನ್ನು ನೆಲದ ಮೇಲೆ ನಿಂತೇ ಇಳಿಸಿಬಿಡುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಹಿಂದೂಪುರದಿಂದ ಬಂದ ನಾನು ಅವರ ಭುಜಕ್ಕೂ ಬರುತ್ತಿರಲಿಲ್ಲ.

ಊರು ಗಡಿಸೀಮೆಯ ಕುಂದುರ್ಪಿಯಿಂದ ಆಚೆ, ಬೆಟ್ಟದ ಬುಡದಲ್ಲಿ. ಹಿಂದೂಪುರದಲ್ಲಿ ನಮ್ಮ ಮನೆಯಿದ್ದದ್ದು ಅಂಗಡಿಬೀದಿಯಲ್ಲಿ; ಬೆಳಗಾದರೆ ಜನ, ಗದ್ದಲ. ಇಲ್ಲಿ ಕಲ್ಲು, ಕಡ್ಲೆಕಾಯಿ ಹೊಲ, ಕುರಿ. ಮೊದಲ ದಸರೆಗೆ ತೌರಿಗೆ ಹೋಗುತ್ತೇನೆಂದು ವಾರ ಮೊದಲೇ ಟ್ರಂಕು ಜೋಡಿಸಿಟ್ಟಿದ್ದೆ. ಅಷ್ಟರಲ್ಲಿ ಕಡ್ಲೆಕಾಯಿ ಕೀಳುವುದಕ್ಕೆ ಬಂತು. "ದೀಪಾವಳಿಗೆ ನೋಡಾನ" ಎಂದರು ಮಾವ. ಹಿತ್ತಲಿಗೆ ಹೋಗಿ ಒಬ್ಬಳೇ ಅಳುತ್ತ ಕೂತೆ.

ಅತ್ತೆ ನೋಡಿದರು. ಮಾರನೆಯ ದಿನ ಬೆಳಕು ಹರಿಯುತ್ತಲೇ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ಬಂದು, "ಬಾರಮ್ಮ, ಸೀತಾಫಲಕ್ಕೆ ಹೋಗಾನ" ಎಂದರು.

"ಹೊಲದ ಕೆಲಸ?"

"ಕಡ್ಲೆಕಾಯಿ ಏನು ಎದ್ದು ಹೋಯ್ತದಾ? ಹನ್ನೊಂದು ತಿಂಗ್ಳು ಗೇಯಾಕೆ ಕಣಮ್ಮ. ಈ ಒಂದ್ ತಿಂಗ್ಳು ನೋಡಾಕೆ."

ಇದು ಬರೀ ಬಾಯಿಮಾತಲ್ಲ. ಆಶ್ವಯುಜ ಬಂತೆಂದರೆ ಅವರು ಕೆಲಸದ ನಡುವೆಯೇ ನಿಂತುಬಿಡುತ್ತಿದ್ದರು. ಕೈಯಲ್ಲಿ ಕಡ್ಲೆಬಳ್ಳಿಯ ಕಟ್ಟು ಇರುತ್ತಿತ್ತು, ಕಣ್ಣು ಬೆಟ್ಟದ ಮೇಲೆ. ಕೂಲಿಯ ಹೆಂಗಸರು "ಅಮ್ಮಗೆ ಗಾಳಿ ಸೋಕ್ತು" ಎಂದು ನಗುತ್ತಿದ್ದರು. ಅವರೂ ನಗುತ್ತಿದ್ದರು.

ಚಿತ್ತೆ ಮಳೆ ನಿಂತು ನಾಲ್ಕು ದಿನವಾಗಿತ್ತು. ಹುಲ್ಲಿನ ಮೇಲಿನ ಜೇಡರ ಬಲೆಗಳಲ್ಲೆಲ್ಲ ಇಬ್ಬನಿ ಕೂತು, ಯಾರೋ ಹೊಲದ ತುಂಬ ಬಿಳಿ ಪಂಚೆಗಳನ್ನು ಒಣಹಾಕಿದ ಹಾಗಿತ್ತು. ಹುಚ್ಚೆಳ್ಳು ಹಳದಿ ಹೂಬಿಟ್ಟಿತ್ತು. ದಾರಿಯ ಎರಡೂ ಕಡೆ ತಂಗಡಿ ಹೂ, ಅದೂ ಹಳದಿ. ಬಂದು ಐದು ತಿಂಗಳಾಗಿದ್ದರೂ ಈ ಊರಿನಲ್ಲಿ ಬಣ್ಣವಿದೆ ಎಂದು ನನಗೆ ತಿಳಿದದ್ದು ಅವತ್ತೇ.

ಬೆಟ್ಟದಲ್ಲಿ ಅತ್ತೆ ಒಂದೊಂದೇ ಹಣ್ಣು ತಿರುಗಿಸಿ, ಕಣ್ಣುಗಳ ಸಂದಿ ಹಳದಿ ತಿರುಗಿದೆಯೇ ನೋಡಿ ಕಿತ್ತರು. ಬುಟ್ಟಿ ತುಂಬಿತು. ಆದರೆ ಮೇಲುಕೊಂಬೆಯ ಹಣ್ಣುಗಳನ್ನು ಮುಟ್ಟಲಿಲ್ಲ. ಕೈ ಎತ್ತಿದ್ದರೆ ಅವರಿಗೆ ಸಿಗುತ್ತಿದ್ದವು.

"ಅವು ಯಾರಿಗೆ ಅತ್ತೆ?"

"ಇಲ್ಲಿರೋರಿಗೆ."

ಇಲ್ಲಿ ಯಾರಿದ್ದಾರೆ ಎಂದು ಕೇಳುವ ಮೊದಲೇ ಇಪ್ಪತ್ತು ಹೆಜ್ಜೆ ಕೆಳಗೆ ಪೊದೆ ಅಲುಗಿತು. ಕರಡಿ ಹೊರಗೆ ಬಂತು. ಬೆನ್ನ ಮೇಲೆ ಎರಡು ಮರಿಗಳು, ತಾಯಿಯ ಕೂದಲನ್ನು ಗಟ್ಟಿಯಾಗಿ ಹಿಡಿದು ಕೂತಿದ್ದವು.

ನಾನು ಓಡಲು ತಿರುಗಿದೆ. ಅತ್ತೆ ಮುಂಗೈ ಹಿಡಿದುಕೊಂಡರು. "ಓಡ್ಬ್ಯಾಡ. ಕಿರುಚ್ಬ್ಯಾಡ." ಕರಡಿ ಮೂಗೆತ್ತಿ ವಾಸನೆ ಹಿಡಿದು, ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲೆ ಚಂದ್ರನ ತುಂಡಿನಂಥ ಬಿಳಿ ಗುರುತು. ಅತ್ತೆಯೂ ನೆಟ್ಟಗೆ ನಿಂತರು. ಇಬ್ಬರದೂ ಒಂದೇ ಎತ್ತರವೇನೋ ಅನ್ನಿಸಿತು ನನಗೆ.

"ನೀ ದಾರಿನ ನುವ್ವು ಪೋ ತಲ್ಲೀ" ಎಂದರು, ಮಗು ಮಲಗಿಸುವ ದನಿಯಲ್ಲಿ: ನಿನ್ನ ದಾರಿಯಲ್ಲಿ ನೀನು ಹೋಗು ತಾಯಿ ಎಂದು. ಹಾಗೆನ್ನುತ್ತಲೇ ಬುಟ್ಟಿಯನ್ನು ಕಾಲಬಳಿ ಮೆಲ್ಲಗೆ ಓರೆ ಮಾಡಿದರು. ಹಣ್ಣುಗಳು ಇಳಿಜಾರಿನಲ್ಲಿ ಉರುಳುತ್ತ ಹೋದವು. ಕರಡಿ ಮುಂಗಾಲು ನೆಲಕ್ಕೂರಿ ಮೂಸಿತು, ಮೊದಲನೆಯದನ್ನು ಒಡೆಯಿತು. ನಾವು ಹಿಂದಕ್ಕೆ ಹಿಂದಕ್ಕೆ ಸರಿದು ಬಂಡೆಯ ಮರೆಗೆ ಬಂದೆವು. ಅಲ್ಲಿಂದ ಓಡಬಹುದಿತ್ತು, ಓಡಲಿಲ್ಲ. ಮರಿಗಳು ಜಾರಿ ಇಳಿದವು. ಒಂದು ಹಣ್ಣಿಗೆ ಎರಡೂ ಮುಖ ಹಾಕಿ, ಮೂಗಿಗೆಲ್ಲ ಬಿಳಿ ತಿರುಳು ಮೆತ್ತಿಕೊಂಡು ಗುದ್ದಾಡಿದವು. ತಾಯಿ ಹೀರಿ ತಿನ್ನುವ ಸದ್ದು ನಮ್ಮವರೆಗೂ ಬರುತ್ತಿತ್ತು. ಹೆದರಿಕೆ ಯಾವಾಗ ಹೋಯಿತೋ ತಿಳಿಯದು. ಈ ಊರಿಗೆ ಬಂದ ಮೇಲೆ ಬೇರೆಲ್ಲೂ ಇರಬೇಕೆಂದು ನಾನು ಬಯಸದ ಮೊದಲ ಗಳಿಗೆ ಅದು. ಅತ್ತೆಯ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

ಇಳಿಯುವಾಗ ಕೇಳಿದೆ, "ತೆಲುಗಲ್ಲಿ ಯಾಕೆ ಮಾತಾಡಿದ್ರಿ?"

"ಬೆಟ್ಟದ ಆಕಡೆ ಎಲ್ಲಾ ತೆಲುಗೋರೇ ಕಣಮ್ಮ. ಅದ್ಕೆ ಕನ್ನಡ ಬತ್ತದೋ ಇಲ್ವೋ."

ಊರು ಹತ್ತಿರವಾದಂತೆ ದನಿ ತಗ್ಗಿಸಿದರು. "ಯಾರ್ಗೂ ಹೇಳ್ಬ್ಯಾಡ. ಹೇಳಿದ್ರೆ ನಾಳೀಕೇ ತಮಟೆ ಬಡ್ಕೊಂಡು, ಪೊದೆಗೆಲ್ಲ ಬೆಂಕಿ ಇಕ್ಕುಬುಡ್ತಾರೆ. ಮರಿ ಇನ್ನೂ ಹಾಲು ಕುಡಿಯೋವು."

ಖಾಲಿ ಬುಟ್ಟಿ ಕಂಡು ಮಾವ ಸಿಟ್ಟಾದರು. "ಕಾಲು ಜಾರ್ಬುಡ್ತು" ಎಂದರು ಅತ್ತೆ. ಸುಗ್ಗಿಯ ಹೊತ್ತಿನಲ್ಲಿ ಬೆಟ್ಟ ಸುತ್ತುವ ಹೆಂಗಸು ಎಂದು ಮಾವ ಬೀದಿಗೆಲ್ಲ ಕೇಳುವಂತೆ ಬೈದರು. ಅತ್ತೆ ಕುಂಟುತ್ತ ಒಳಗೆ ಹೋದರು. ಎರಡು ದಿನ ಕುಂಟಿಕೊಂಡೇ ಓಡಾಡಿದರು. ಒಮ್ಮೊಮ್ಮೆ ಯಾವ ಕಾಲೆಂಬುದೇ ಮರೆತು ಇನ್ನೊಂದನ್ನು ಕುಂಟಿಸುತ್ತಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದೆ. ದೀಪಾವಳಿಗೆ ತೌರಿಗೆ ಹೋದವಳು ಮೂರೇ ದಿನಕ್ಕೆ, ಕಲ್ಯಾಣದುರ್ಗದ ಬಸ್ಸು ಹತ್ತಿ ವಾಪಸು ಬಂದೆ. ಅಮ್ಮನಿಗೆ ಆಶ್ಚರ್ಯ. ಅವಳಿಗೂ ಹೇಳಲಿಲ್ಲ.

ಆಮೇಲೆ ಪ್ರತಿ ವರ್ಷ ಆ ತಿಂಗಳಲ್ಲಿ ಇಬ್ಬರೂ ಬೆಟ್ಟಕ್ಕೆ ಹೋಗುತ್ತಿದ್ದೆವು. ಹೆಜ್ಜೆಗುರುತು ಕಾಣುತ್ತಿತ್ತು, ಕರಡಿ ಮತ್ತೆ ಕಾಣಲಿಲ್ಲ. ತೊಂಬತ್ತರ ದಶಕದ ಒಂದು ಚಳಿಗಾಲ, ಎರಡೇ ದಿನದ ಜ್ವರಕ್ಕೆ ಅತ್ತೆ ಹೋಗಿಬಿಟ್ಟರು. ಮನೆಯ ಮಂಚ ಅವರಿಗೆ ಯಾವತ್ತೂ ಸಾಲುತ್ತಿರಲಿಲ್ಲ. ಆ ಬೆಳಿಗ್ಗೆ ಹೊರಗೆ ಚಾಚಿದ್ದ ಅವರ ಕಾಲುಗಳನ್ನು ಕೈಯಲ್ಲಿ ಹಿಡಿದು ಕೂತಿದ್ದೆ.

ನೆಂಟರೆಲ್ಲ ಹೊರಟುಹೋದ ಮೇಲೆ, ಜಗಲಿಯಲ್ಲಿ ಒಬ್ಬರೇ ಕೂತಿದ್ದ ಮಾವನಿಗೆ ಕಾಫಿ ಕೊಡುತ್ತ, "ಮಾವ, ನಿಮಗೊಂದು ಸುಳ್ಳು ಹೇಳಿದ್ವಿ" ಎಂದೆ.

"ಕರಡಿದಾ?" ಎಂದರು.

"ನಿಮಗೆ ಹೇಗೆ ಗೊತ್ತು?" ಎಂದೆ.

"ಆ ಬೆಟ್ಟದಾಗೆ ಜಾರಿ ಬೀಳೋ ಹೆಂಗ್ಸೇನಮ್ಮ ಅವ್ಳು? ಸೀತಾಫಲದ ಕಾಲ್ದಾಗೆ ಅಲ್ಲಿ ಕರಡಿ ಓಡಾಡ್ತದೆ ಅಂತ ನಂಗೂ ಗೊತ್ತು, ಮುಖ ನೋಡಿದ್ರೇನೇ ತಿಳೀತಿತ್ತು. ನಾನು ಅಷ್ಟು ಜೋರಾಗಿ ಬೈದೇ ಇದ್ದಿದ್ರೆ ಬೀದಿಯೋರು ನಂಬ್ತಿದ್ರಾ?"

ಲೋಟ ಕೆಳಗಿಟ್ಟು ಬೆಟ್ಟದ ಕಡೆ ತಿರುಗಿದರು.

"ನಂಗೆ ಒಂದ್ಸಲಾನೂ ಕಾಣ್ಲಿಲ್ಲ ಕಣಮ್ಮ. ಅವ್ಳೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಹೆಂಗಿತ್ತು, ಹೇಳು."

ಅವರ ಪಕ್ಕದಲ್ಲಿ ಕೂತು, ಆ ದಿನ ಬೆಳಕು ಹರಿದಲ್ಲಿಂದ ಹೇಳತೊಡಗಿದೆ.