ಕನ್ನಡಕದೊಳಗೆ ಎದ್ದ ಕೈ

ಲಕ್ವ ಹೊಡೆದ ವರ್ಷ ನಾನು ದೇವರನ್ನು ಬೈದದ್ದಕ್ಕಿಂತ ಹೆಚ್ಚಾಗಿ ಒಂದು ಕನ್ನಡಕವನ್ನು ಬೈದಿದ್ದೇನೆ.

ಕನ್ನಡಕ ಅಂತ ಹೆಸರಿಗಷ್ಟೇ. ಮಧುಗಿರಿಯ ಫಿಸಿಯೋಥೆರಪಿ ಸೆಂಟರಿನಲ್ಲಿ ಮುಖಕ್ಕೆ ಕಟ್ಟುತ್ತಿದ್ದ, ಊಟದ ಡಬ್ಬಿಯಷ್ಟು ದಪ್ಪದ ಕಪ್ಪು ಪೆಟ್ಟಿಗೆ ಅದು. ಕಟ್ಟಿದ ತಕ್ಷಣ ಎದುರಿನ ಗೋಡೆ, ಮಂಚ, ಜನ ಎಲ್ಲ ಮಾಯ. ಯಾವುದೋ ದೇಶದ ಅಡುಗೆಮನೆಯೊಳಗೆ ಕೂತಿರುತ್ತೇವೆ. ನನ್ನ ಬಲಗೈ ಇರಬೇಕಾದ ಜಾಗದಲ್ಲಿ ಸಿಮೆಂಟ್ ತಿಂದ ಒಂದು ಬಿರುಕೂ ಇಲ್ಲದ ಬೆಳ್ಳನೆಯ ಕೈ. ಆ ಕೈಯಲ್ಲಿ ಲೋಟ ಎತ್ತಿ ಮೇಲಿನ ಶೆಲ್ಫಿಗೆ ಇಡಬೇಕು. ಇಟ್ಟರೆ ಗಂಟೆ ಬಾರಿಸುತ್ತದೆ; ಎಷ್ಟು ಎತ್ತರ, ಎಷ್ಟು ಬೇಗ ಅಂತ ನೋಡಿ ನೂರಕ್ಕೆ ಇಷ್ಟು ಅಂತ ನಂಬರು ಬರುತ್ತದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟು ಬಾಂಡ್ಲಿ ಹೊತ್ತವನು ನಾನು. ನಲವತ್ತು ವರ್ಷ ಗಾರೆ ಕೆಲಸ ಮಾಡಿ, ಕೊರಟಗೆರೆಯಿಂದ ಸಿರಾವರೆಗೆ ಮನೆ ಕಟ್ಟಿ, ಕೊನೆಗೆ ಇಲ್ಲದ ಲೋಟವನ್ನು ಇಲ್ಲದ ಶೆಲ್ಫಿಗೆ ಇಡಲು ವಾರಕ್ಕೆ ಮೂರು ಸಲ ಬಸ್ಸು ಹತ್ತಬೇಕಾಯಿತು.

ಅಲ್ಲಿ ಕೈ ಆಡಿಸುವ ಹುಡುಗಿ ಪಾವಗಡದ ಕಡೆಯವಳು. ಹುರುಪು ಬಂದರೆ ಬಾಯಿಗೆ ತೆಲುಗೇ ಬರುತ್ತಿತ್ತು. "ಇಂಕಾ ಪೈಕಿ ಅಂಕಲ್, ಇಂಕಾ ಪೈಕಿ! ಇನ್ನೊಂಚೂರು ಮೇಲಕ್ಕೆ!" ಅಂತ ಎತ್ತಿನ ಗಾಡಿ ಏರು ಹತ್ತಿಸುವವಳ ಹಾಗೆ ಕೂಗುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಸಿರಾದ ಟೈಲರ್ ಭಾಯಿ. ಅವರಿಗೆ ಎಡಗೈ ಹೋಗಿತ್ತು. ಅವರ ಬಾಯಿಗೆ ಮಾತ್ರ ಯಾವ ಲಕ್ವವೂ ತಾಕಿರಲಿಲ್ಲ.

ನನಗೆ ಇದ್ದದ್ದು ಒಂದೇ ಅವಸರ. ಕೊಳಾಲದಲ್ಲಿ ಒಂದು ಮನೆಯ ಮುಂದಿನ ಗೋಡೆಗೆ ಪ್ಲಾಸ್ಟರ್ ಆಗುವ ಮೊದಲೇ ನಾನು ಲಕ್ವ ಹೊಡೆದು ಬಿದ್ದಿದ್ದೆ. ಮನೆಯ ಯಜಮಾನ, "ಮೇಸ್ತ್ರಿ, ನಿನ್ನ ಕೈಯಲ್ಲೇ ಆಗ್ಬೇಕು, ಕಾಯ್ತೀನಿ ಬುಡು" ಅಂದಿದ್ದ. ಒಳಗೆಲ್ಲ ಬಣ್ಣವಾಗಿ ವಾಸಕ್ಕೆ ಬಂದರೂ ಮುಂದಿನ ಇಟ್ಟಿಗೆ ಹಾಗೇ ಬಿಟ್ಟುಕೊಂಡು ಕೂತಿದ್ದ. ಹೋಗಿ ಬರುವವರೆಲ್ಲ ಕೇಳುತ್ತಿದ್ದರಂತೆ. ಆ ಬೋಳು ಗೋಡೆ ನನ್ನ ಎದೆಯ ಮೇಲಿತ್ತು.

ಎರಡು ತಿಂಗಳಾಗುವಾಗ ಲೋಟ ಮೇಲಿನ ಶೆಲ್ಫು ಮುಟ್ಟಿತು. ನಂಬರು ತೊಂಬತ್ತು. ಬಸ್ಸಿನಲ್ಲಿ ಕಂಡಕ್ಟರಿಗೂ ಬಿಡದೆ ಹೇಳಿದೆ; ಹಾಗೆ ಹೇಳಿದ್ದನ್ನು ಮುಂದಿನ ಸಲ ಟೈಲರ್ ಭಾಯಿಗೂ ಕೊಚ್ಚಿಕೊಂಡೆ. ಯಜಮಾನನಿಗೆ ಫೋನ್ ಮಾಡಿ, "ತೊಂಬತ್ತು ಬಂದೈತೆ, ಸೋಮವಾರ ಬತ್ತೀನಿ, ಮರಳು ಜರಡಿ ಹಿಡಿಸಿಡು" ಅಂದೆ.

ಹೋದೆ. ಎದುರಿಗೇ ನಿಂತು ಒಂದು ಸಿಮೆಂಟಿಗೆ ನಾಲ್ಕು ಮರಳು ಕಲಸಿಸಿದೆ. ಕರಣೆಯಲ್ಲಿ ಗಾರೆ ತುಂಬಿ ಎತ್ತಿದೆ. ಕೈ ಸೊಂಟದ ಹತ್ತಿರ ಬಂದು ನಿಂತುಕೊಂಡಿತು. ಮನಸ್ಸಿನಲ್ಲಿ ಎತ್ತುತ್ತಲೇ ಇದ್ದೇನೆ, ಕೈ ಅಲ್ಲೇ ಇದೆ. ಆಮೇಲೆ ಮಣಿಕಟ್ಟು ಹೊರಳಿ ಗಾರೆಯೆಲ್ಲ ನನ್ನ ಕಾಲ ಮೇಲೆ ಬಿತ್ತು.

ಯಜಮಾನ ಒಳ್ಳೆಯವನು. ಸುತ್ತ ನಿಂತವರಿಗೆ ಕೇಳುವ ಹಾಗೆ, "ಕಲಸಿರೋದು ನೀರಾಗೈತೆ ಕಣ್ರಲಾ, ಅದುಕ್ಕೇ ಜಾರ್ತು" ಅಂದ. ನನ್ನ ಗಾರೆಗೆ ನೀರು ಹೆಚ್ಚಾಯಿತು ಅಂತ ಹುಟ್ಟಿದಾರಭ್ಯ ಯಾರೂ ಅಂದಿರಲಿಲ್ಲ. ಕೈ ಸೋತದ್ದಕ್ಕಿಂತ ಅದು ಹೆಚ್ಚು ಉರಿಯಿತು.

ಮಾರನೆಯ ದಿನ ಸೆಂಟರಿಗೆ ಹೋಗಿ ಕನ್ನಡಕವನ್ನು ಮೇಜಿನ ಮೇಲೆ ಕುಕ್ಕಿದೆ.

"ಏನಮ್ಮ ಇದು? ಇಲ್ಲಿ ತಲೆ ಮ್ಯಾಕೆ ಹೋಗೋ ಕೈ ಊರಲ್ಲಿ ಸೊಂಟಕ್ಕೂ ಬರಲ್ವಲ್ಲ?"

ಹುಡುಗಿಯ ಮುಖ ಸಣ್ಣದಾಯಿತು. "ಅಂಕಲ್, ಅದು ಸೆಟ್ಟಿಂಗು. ನೀವು ಒಂದು ಗೇಣು ಎತ್ತಿದ್ರೆ ಅದು ಮೂರು ಗೇಣು ತೋರಿಸ್ತದೆ. ಕೈ ಏಳ್ತದೆ ಅಂತ ಮೆದುಳಿಗೆ ನಂಬಿಕೆ ಬರ್ಲಿ ಅಂತ. ಆಮೇಲೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಹೋಗ್ತೀವಿ."

"ಸೊಟ್ಟ ಗೋಡೆಗೆ ದಪ್ಪ ಪ್ಲಾಸ್ಟರ್ ಬಳಿದು ನೆಟ್ಟಗೈತೆ ಅಂತ ತೋರ್ಸೋರ ನಾನು ಕರಣೆ ಕಿತ್ಕೊಂಡು ಓಡ್ಸಿದೀನಿ! ನನ್ಗೇ ಬಳಿತೀಯಾ?"

ಟೈಲರ್ ಭಾಯಿ ಹಲ್ಲು ಕಿರಿದರು. "ಅರೆ ಮೇಸ್ತ್ರಿ, ಮಾಳಿಗೆಗೆ ಮೋಲ್ಡ್ ಹಾಕುವಾಗ ಕೆಳಗೆ ಹಲಗೆ ಸೆಂಟ್ರಿಂಗ್ ಕೊಡಲ್ವಾ ನೀನು? ಇದೂ ಅಂಗೇ. ಗಟ್ಟಿಯಾದ್ಮೇಲೆ ಬಿಚ್ಚೋದು."

ಮಾತು ನನ್ನ ಕಸುಬಿನದೇ ಆಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ಅವರ ಕಡೆ ತಿರುಗಿ ಅಂದೆ: "ಸೆಂಟ್ರಿಂಗು ಎಲ್ರ ಕಣ್ಣಿಗೂ ಕಾಣ್ತದೆ ಭಾಯ್. ಹಲಗೆ ಐತೆ ಅಂತ ಯಜಮಾನನಿಗೆ ಗೊತ್ತಿರ್ತದೆ. ಅದು ಇರೋವಾಗ್ಲೇ ಮಾಳಿಗೆ ಮ್ಯಾಲೆ ಯಾರನ್ನೂ ಹತ್ತಿಸಲ್ಲ. ಇವ್ಳು ನನ್ನ ಹತ್ತಿಸ್ಬುಟ್ಲು."

"ಹತ್ತಿಸಿದ್ದು ಅವ್ಳಲ್ಲ, ನೀನೇ ಹತ್ತಿದ್ದು. ಕಂಡಕ್ಟರಿಗೆ ಹೇಳು ಅಂತ ಆ ಹುಡುಗಿ ಹೇಳಿದ್ಲಾ?"

ಹುಡುಗಿಗೆ ನಗು ಬಂದರೂ ತಡೆದುಕೊಂಡಳು. "ತಪ್ಪಾಯ್ತು ಅಂಕಲ್, ಮೊದಲೇ ಹೇಳ್ಬೇಕಿತ್ತು" ಅಂದಳು. ದಿನವೂ ಮೊದಲು ಸೆಟ್ಟಿಂಗ್ ತೆಗೆದು ಒಂದು ಸಲ, ಆಮೇಲೆ ಹಾಕಿಕೊಂಡು ಹತ್ತು ಸಲ ಅಂತ ಒಪ್ಪಂದವಾಯಿತು. ನನಗೆ ಪೂರ್ತಿ ತೆಗೆಸುವ ಮನಸ್ಸಿತ್ತು, ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಸೆಟ್ಟಿಂಗ್ ತೆಗೆದರು. ಕನ್ನಡಕದೊಳಗಿನ ಬೆಳ್ಳನೆಯ ಕೈ ಲೋಟ ಹಿಡಿದು, ಇಂಚಿಂಚೇ, ಮೇಜಿನಿಂದ ಒಂದು ಗೇಣು ಮೇಲೆದ್ದು ನಿಂತಿತು. ಬೆವರು ಕಣ್ಣಿಗಿಳಿಯಿತು. ಹನ್ನೊಂದು ಅಂತ ಬಂತು.

"ಹನ್ನೊಂದು ಚೆನ್ನಾಗೇ ಇದೆ ಅಂಕಲ್" ಅಂದಳು.

"ನಿನ್ನ ಪರೀಕ್ಷೇಲಿ ಹನ್ನೊಂದು ಬಂದಿದ್ರೆ ನಿಮ್ಮಪ್ಪ ಇಂಗೇ ಅಂತಿದ್ನಾ?"

"ಬಂದಾಗ ಸೊನ್ನೆ ಇತ್ತು ನಿಮ್ದು" ಅಂದಳು. ಹತ್ತು ಸಲಕ್ಕೆ ಸೆಟ್ಟಿಂಗ್ ಹಾಕು ಅಂದೆ. 

ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಎಡಗೈಯಲ್ಲಿ ಯಜಮಾನನಿಗೆ ಫೋನ್ ಹಚ್ಚಿದೆ. ತೊಂಬತ್ತು ಸುಳ್ಳು, ನಿಜ ಹನ್ನೊಂದು ಅಂದೆ. ಗಾರೆಗೆ ನೀರು ಸರಿಯಾಗೇ ಇತ್ತು ಅಂತಲೂ ಅಂದೆ.

ಅವನು ಸ್ವಲ್ಪ ಯೋಚಿಸಿ, "ಅಂಗಾರೆ ಕೆಳ್ಗಿಂದ ಒಂದು ಗೇಣು ಮಾಡ್ಕೊಂತಾ ಬಾ. ಕೈ ಎದ್ದಂಗೆಲ್ಲಾ ಮ್ಯಾಕೆ ಹೋಗಾನ" ಅಂದ.

"ಲೇ, ಪ್ಲಾಸ್ಟರು ಮ್ಯಾಲಿಂದ ಕೆಳಕ್ಕೆ ಬರೋದು ಕಣಯ್ಯ! ಕೆಳ್ಗಿಂದ ಮಾಡಿದ್ರೆ ಮ್ಯಾಗಳ ಗಾರೆಯೆಲ್ಲ ಅದ್ರ ಮ್ಯಾಲೇ ಬೀಳ್ತದೆ. ಮನೆ ಕಟ್ಸಿದೋನಿಗೆ ಇಷ್ಟೂ ಗೊತ್ತಿಲ್ವಾ?"

ಮೇಲಿಂದ ಶುರು ಮಾಡುವಷ್ಟು ನನ್ನ ಕೈ ಏಳುತ್ತಿರಲಿಲ್ಲ. ಕೊನೆಗೆ ಸಿರಾ ರಸ್ತೆಯ ಇನ್ನೊಬ್ಬ ಮೇಸ್ತ್ರಿಯ ಹೆಸರು ಹೇಳಿ, ಅವನನ್ನೇ ಕರೆಸು ಅಂದೆ. ಇಪ್ಪತ್ತು ವರ್ಷದಿಂದ ನಾನು ಹೋದಲ್ಲೆಲ್ಲ ಅವನ ಕೆಲಸವನ್ನೇ ಬೈದುಕೊಂಡು ಬಂದಿದ್ದೆ.

"ಅವನ ಕೆಲ್ಸ ಹೆಂಗೆ ಮೇಸ್ತ್ರಿ?"

"ಗೋಡೆ ಮೂಲೆ ನೆಟ್ಟಗೆ ತೆಗೀತಾನೆ" ಅಂದೆ. ಬಸ್ಸು ಬಂತು ಅಂತ ಹೇಳಿ ಫೋನ್ ಇಟ್ಟೆ. ಬಸ್ಸು ಇನ್ನೂ ಬಂದಿರಲಿಲ್ಲ.