ಮಗ್ಗದ ಬೋರ್ಡಿನ ನಡುವಿನ ಎರಡು ಗೆರೆ

ಬಸ್ಸು ತಳಕು ದಾಟುವಷ್ಟರಲ್ಲಿ ಬೋರ್ಡನ್ನು ಮೂರು ಸಲ ಚೀಲದಿಂದ ತೆಗೆದು ನೋಡಿದ್ದೆ. ಚಳ್ಳಕೆರೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿ ಮಾಡಿಕೊಂಡು, ಬಿಡುವಾದಾಗ ಲ್ಯಾಪ್‌ಟಾಪಿನಲ್ಲಿ ಸರ್ಕ್ಯೂಟ್ ಬೋರ್ಡ್ ಬಿಡಿಸುವ ನನಗೆ ಅದು ಮೊದಲ ದೊಡ್ಡ ಕೆಲಸ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ನನ್ನ ಚಿಕ್ಕವ್ವನ ಮಗ್ಗಕ್ಕೆ ಅದನ್ನು ಕೂರಿಸಬೇಕಿತ್ತು. ಲ್ಯಾಪ್‌ಟಾಪಿನಿಂದ ಯುಎಸ್‌ಬಿ ತಂತಿಯಲ್ಲಿ ಚಿತ್ತಾರವನ್ನು ತೆಗೆದುಕೊಂಡು, ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ತಿಳಿಸುವುದು ಅದರ ಕೆಲಸ. ನನ್ನ ಮಾತು ನಂಬಿ ಅವಳು ಚಿತ್ತಾರಕ್ಕೆ ತಕ್ಕಂತೆ ಎಳೆ ಎತ್ತುವ, ರಟ್ಟಿನ ಕಾರ್ಡುಗಳ ಹಳೇ ಜಕಾರ್ಡನ್ನು ಆಗಲೇ ಬಿಚ್ಚಿ ಇಳಿಸಿಬಿಟ್ಟಿದ್ದಳು. ಉದ್ದೆಳೆಯ ಹಾಸು ಮಗ್ಗಕ್ಕೆ ಏರಿಯಾಗಿತ್ತು. ಮದುವೆ ಸೀರೆ, ಹೆಣ್ಣಿನ ಕಡೆಯವರು ಮುಂದಿನ ವಾರವೇ ಬರುವವರಿದ್ದರು. ಬೋರ್ಡು ತಯಾರಾಗಿ ಕೈಗೆ ಬಂದದ್ದೇ ಆ ಬೆಳಿಗ್ಗೆ; ಒಮ್ಮೆಯೂ ಚುಚ್ಚಿ ನೋಡದೆ ಬಸ್ಸು ಹತ್ತಿದ್ದೆ.

ನಾನು ಹುಟ್ಟಾ ಪುಕ್ಕಲ. ತಂತಿ ಚುಚ್ಚುವ ಯುಎಸ್‌ಬಿ ಕನೆಕ್ಟರಿಗೆ ನಾಲ್ಕು ಕಾಲು: ಅಂಚಿನ ಎರಡು ಕರೆಂಟಿಗೆ, ನಡುವಿನ ಎರಡು ಮಾಹಿತಿಗೆ. ನಡುವಿನವಕ್ಕೆ ಒಂದು ಪ್ಲಸ್, ಒಂದು ಮೈನಸ್. ಬೋರ್ಡಿನ ಮೇಲೆ ಅವುಗಳ ಎರಡು ತಾಮ್ರದ ಗೆರೆಯೂ ಒಂದೇ ಉದ್ದ ಇದ್ದು, ಒತ್ತೊತ್ತಾಗಿ ಜೋಡಿಯಾಗಿ ಸಾಗಬೇಕು. ಹಾಗೆ ಎಳೆಯಲು ಪೂರಾ ಒಂದು ವಾರ ಕೂತಿದ್ದೆ. ಅಂಚಿನವನ್ನಂತೂ ಐದಾರು ಸಲ ಪರೀಕ್ಷಿಸಿದ್ದೆ. ಒಮ್ಮೆ ಅವು ಅದಲುಬದಲಾಗಿದ್ದು ಕಂಡು, ಬೆವತು, ತಿದ್ದಿದ್ದೆ. ಯಾಕೆ ಅದಲುಬದಲಾದವು ಅಂತ ಮಾತ್ರ ಕೇಳಿಕೊಳ್ಳಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಚಿಕ್ಕವ್ವನ ಮನೆ ತಲುಪಿ, ಮಗ್ಗದ ಪಕ್ಕ ಕೂತು ತಂತಿ ಚುಚ್ಚಿದೆ. ಬೋರ್ಡಿನ ದೀಪ ಹೊತ್ತಿತು. ಆದರೆ ಲ್ಯಾಪ್‌ಟಾಪು ಇದು ಯಾವ ವಸ್ತುವೋ ಗೊತ್ತಾಗುತ್ತಿಲ್ಲ ಎಂದಿತು. ತೆಗೆದೆ, ಚುಚ್ಚಿದೆ, ತಂತಿ ಬದಲಿಸಿದೆ. ಅದೇ ಉತ್ತರ. ಚಿಕ್ಕವ್ವನ ಮುಖ ನೋಡಲು ಧೈರ್ಯವಾಗಲಿಲ್ಲ.

"ಏನಾತಪ್ಪ?" ಅಂದಳು.

"ಎಲ್ಲಾ ಸರಿ ಐತೆ ಚಿಕ್ಕವ್ವ. ಯಾಕೋ ತಗೊಳ್ತಿಲ್ಲ."

"ಸರಿ ಇದ್ರೆ ಯಾಕೆ ತಗೊಳ್ಳಲ್ಲ? ಯಾವ ಕಡೆಯಿಂದ ನೋಡಿ ಬರ್ದಿದೀಯ ನೀನು?"

ನಮ್ಮ ಮನೆಗಳ ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ, ನೇಯುವವರಿಗೆ ಕಾಣುವುದು ಬೆನ್ನು. ಮುಖ ನೋಡಬೇಕೆಂದರೆ ಕೆಳಗೆ ಕನ್ನಡಿ ಹಿಡಿಯಬೇಕು. ಚಿಕ್ಕಂದಿನಿಂದ ನನ್ನ ಕಣ್ಣು ಪಳಗಿದ್ದು ಹಾಗೆಯೇ: ಯಾವ ಚಿತ್ರ ಕಂಡರೂ ಮನಸ್ಸಿನಲ್ಲೇ ಎಡಬಲ ತಿರುಗಿಸಿಬಿಡುತ್ತೇನೆ. ಕನೆಕ್ಟರಿನ ನಕ್ಷೆ ಮುಂದಿನಿಂದ ನೋಡಿ ಬರೆದದ್ದು. ನಾನು ಅದನ್ನು ಹಿಂದಿನಿಂದ ಓದಿದ್ದೆ. ಅಂಚಿನ ಎರಡನ್ನು ತಿದ್ದಿ, ನಡುವಿನ ಎರಡನ್ನು ಹಾಗೇ ಬಿಟ್ಟಿದ್ದೆ. ಪ್ಲಸ್ ಇರುವಲ್ಲಿ ಮೈನಸ್. ಅಷ್ಟು ಚೆಂದದ ಜೋಡಿ ತಪ್ಪು ಬಾಗಿಲಿಗೆ ಹೋಗಿ ನಿಂತಿತ್ತು. ಅಂಚಿನವನ್ನು ಐದಾರು ಸಲ ನೋಡಿದ್ದನ್ನೂ ಸೇರಿಸಿ ಎಲ್ಲವನ್ನೂ ನಾಚುತ್ತಲೇ ಚಿಕ್ಕವ್ವನಿಗೆ ಹೇಳಿದೆ.

ಬ್ಲೇಡಿನಿಂದ ಎರಡೂ ಗೆರೆ ಕತ್ತರಿಸಿ, ಕೂದಲಿನಷ್ಟು ಸಣ್ಣ ತಂತಿಯಿಂದ ಅಡ್ಡಡ್ಡ ಬೆಸೆಯಬೇಕಿತ್ತು. ಇಕ್ಕಳದಲ್ಲಿ ನಾನು ಹಿಡಿದ ತಂತಿ ಎರಡು ಸಲ ಜಾರಿ ಬಿತ್ತು. ಚಿಕ್ಕವ್ವ ತಾನೇ ಇಕ್ಕಳ ಕಸಿದುಕೊಂಡು ತಂತಿ ಹಿಡಿದಳು. ಹರಿದ ಎಳೆ ಜೋಡಿಸುವ ಬೆರಳು, ಕದಲಲಿಲ್ಲ. ಸೋಲ್ಡರ್ ಇಟ್ಟೆ. ಮತ್ತೆ ಚುಚ್ಚಿದಾಗ ಲ್ಯಾಪ್‌ಟಾಪು ಬೋರ್ಡನ್ನು ಗುರುತಿಸಿತು. ಹೋದ ಜೀವ ಬಂದಂತಾಗಿ ನಕ್ಕುಬಿಟ್ಟೆ.

ಅವಳು ನಗಲಿಲ್ಲ.

"ಅಂಚಿಂದು ಎರಡು ಅಷ್ಟು ಸಲ ನೋಡ್ದೆ ಅಂದ್ಯಲ್ಲ. ಅವನ್ನೇ ಯಾಕೆ?"

"ಅವು ಉಲ್ಟಾ ಆದ್ರೆ ನನ್ ಲ್ಯಾಪ್‌ಟಾಪ್ ಸುಟ್ಟೋಗುತ್ತೆ ಅಂತ ಭಯ ಚಿಕ್ಕವ್ವ."

"ನಡುವಿಂದು ಉಲ್ಟಾ ಆದ್ರೆ?"

"ಏನೂ ಸುಡಲ್ಲ. ಕೆಲಸ ನಿಲ್ಲುತ್ತೆ, ಅಷ್ಟೆ."

"ಹೂಂ. ನಿಲ್ಲೋದು ನನ್ ಮಗ್ಗ ತಾನೇ," ಅಂದಳು.

ಅವಳು ಸೆರಗು ಸಿಕ್ಕಿಸಿಕೊಂಡು ಕೂತು ಲಾಳಿ ಕೈಗೆತ್ತಿಕೊಂಡಳು.